ಬೇಸ್ ಆಂಪ್ ಕೊಳ್ಳುವಾಗ ವಾಟ್ ಆಮೇಲೆ ಕೇಳಿ

ರಿಪೇರಿಗೆಂದು ನನ್ನ ಮೇಜಿಗೆ ಬರುವ ಬೇಸ್ ಗಿಟಾರ್‌ನ ಆಂಪ್ಲಿಫೈಯರ್‌ಗಳಲ್ಲಿ, ಅಂದರೆ ಬೇಸ್ ಆಂಪ್‌ಗಳಲ್ಲಿ, ಕೆಲವಕ್ಕೆ ಯಾವ ತೊಂದರೆಯೂ ಇರುವುದಿಲ್ಲ. “ಮನೆಯಲ್ಲಿ ಗುಂಯ್ ಅನ್ನುತ್ತೆ ಸಾರ್, ಡ್ರಮ್ಸ್ ಶುರುವಾದ ಕೂಡಲೇ ಬೇಸ್ ಮಾಯ” ಎಂಬುದಷ್ಟೇ ದೂರು. ನಾಬ್‌ಗಳನ್ನು ನೋಡಿದರೆ ಕಾರಣ ಅಲ್ಲೇ ಇರುತ್ತದೆ: ಕೆಳಗಿನ ಸದ್ದಿನ ಬೇಸ್ ನಾಬ್ ಪೂರ್ತಿ ಮೇಲೆ, ಮೇಲಿನ ಸದ್ದಿನ ಟ್ರೆಬಲ್ ಮೇಲೆ, ನಡುವಿನ ಮಿಡ್ ಸೊನ್ನೆ. ಒಬ್ಬರೇ ನುಡಿಸುವಾಗ ಇದು ಹಿತವೇ. ತಂಡದ ಜೊತೆ ನಿಂತಾಗ ಕೆಳಗಿನ ಸದ್ದನ್ನು ಕಿಕ್ ಡ್ರಮ್ ನುಂಗುತ್ತದೆ, ಮೇಲಿನದನ್ನು ಸಿಂಬಲ್ ಮುಚ್ಚುತ್ತದೆ. ಯಾವ ಸ್ವರ ನುಡಿಸಿದಿರಿ ಎಂದು ಕಿವಿಗೆ ತಿಳಿಸುವುದು ಬಹುಮಟ್ಟಿಗೆ 250ರಿಂದ 800 ಹರ್ಟ್ಜ್ ನಡುವಿನ ಭಾಗ. ಹಾಗಾಗಿ ಹೊಸ ಆಂಪ್ ಪರೀಕ್ಷಿಸುವಾಗ ಎಲ್ಲ ನಾಬ್‌ಗಳನ್ನೂ ನಡುವಿಗೆ ತಂದು, ಸಾಧ್ಯವಾದರೆ ಡ್ರಮ್ಸ್ ಜೊತೆಗೇ ನುಡಿಸಿ ನೋಡಿ.

ವಾಟ್ ಬಗ್ಗೆ ಜನರಿಗಿರುವ ಮೋಹ ನನಗೆ ಅರ್ಥವಾಗುವುದಿಲ್ಲ. 250 ವಾಟ್‌ನಿಂದ 500ಕ್ಕೆ ಏರಿದರೆ ಸಿಗುವುದು 3 ಡೆಸಿಬಲ್, ಅಷ್ಟೆ. ಸೆನ್ಸಿಟಿವಿಟಿ (ಅಷ್ಟೇ ವಾಟ್‌ಗೆ ಎಷ್ಟು ಜೋರು ಎಂಬ ಅಳತೆ) 3 ಡೆಸಿಬಲ್ ಹೆಚ್ಚಿರುವ ಕ್ಯಾಬಿನೆಟ್, ಅಂದರೆ ಸ್ಪೀಕರ್ ಡಬ್ಬ, ಹಾಕಿದರೂ ಅದೇ ಲಾಭ. ಮೇಲಾಗಿ, ಸದ್ದಿನ ಬಣ್ಣವನ್ನು ಹೆಡ್‌ಗಿಂತ (ಸ್ಪೀಕರ್ ಇಲ್ಲದ ಆಂಪ್ ಪೆಟ್ಟಿಗೆ) ಹೆಚ್ಚಾಗಿ ತೀರ್ಮಾನಿಸುವುದು ಈ ಕ್ಯಾಬಿನೆಟ್ಟೇ.

1969ರಲ್ಲಿ ಬಂದ ಆಂಪೆಗ್ ಎಸ್‌ವಿಟಿಯನ್ನೇ ನೋಡಿ. ಹಳೆಯ ಬಗೆಯ ನಿರ್ವಾತ ಕೊಳವೆಗಳಿಂದ ನಡೆಯುವ 300 ವಾಟ್‌ನ ಟ್ಯೂಬ್ ಹೆಡ್, 10 ಇಂಚಿನ ಎಂಟು ಸ್ಪೀಕರ್‌ಗಳ ಮುಚ್ಚಿದ ಕ್ಯಾಬಿನೆಟ್. ನಾಲ್ಕು ತಂತಿಯ ಬೇಸ್‌ನ ಕೆಳಗಿನ ಇ ಸ್ವರ ಸುಮಾರು 41 ಹರ್ಟ್ಜ್. ಆ ದೈತ್ಯ ಕ್ಯಾಬಿನೆಟ್ ಅದನ್ನು ಪೂರ್ಣ ಬಲದಲ್ಲಿ ಕೊಡುವುದೇ ಇಲ್ಲ! ನಾವು ಕೇಳುವುದು 82, 123 ಹರ್ಟ್ಜ್‌ನ ಹಾರ್ಮೋನಿಕ್ಸ್, ಅಂದರೆ ಮೂಲದ ಎರಡು, ಮೂರು ಪಟ್ಟಿನ ಸ್ವರಾಂಶಗಳು. ಮೂಲ ಸ್ವರವನ್ನು ಮಿದುಳೇ ತುಂಬಿಕೊಳ್ಳುತ್ತದೆ. ರಾಕ್‌ನಲ್ಲಿ ಎದೆಗೆ ಗುದ್ದುವ ಆ ಬಿಗಿ ಸದ್ದು ಬರುವುದು ಹೀಗೆ. ಪೋರ್ಟ್ (ಗಾಳಿ ಓಡಾಡುವ ರಂಧ್ರ) ಇರುವ ಕ್ಯಾಬಿನೆಟ್ ಇನ್ನೂ ಆಳಕ್ಕೆ ಇಳಿಯುತ್ತದೆ, ಆದರೆ ಪೋರ್ಟ್ ಹೊಂದಿಸಿದ ಕಂಪನಕ್ಕಿಂತ ಕೆಳಗೆ ಸ್ಪೀಕರ್‌ನ ಕೋನ್‌ಗೆ ಹಿಡಿತ ತಪ್ಪುತ್ತದೆ. ಐದು ತಂತಿಯ ಬೇಸ್‌ನಲ್ಲಿ 31 ಹರ್ಟ್ಜ್‌ನ ಬಿ ಜೋರಾಗಿ ನುಡಿಸುವವರು ಅತಿ ಕೆಳಗಿನ ಸದ್ದನ್ನು ತಡೆಯುವ ಹೈಪಾಸ್ ಫಿಲ್ಟರ್ ಇರುವ ಹೆಡ್ ಹುಡುಕುವುದು ಒಳ್ಳೆಯದು. ಹೆಬ್ಬೆರಳಿನಿಂದ ತಂತಿ ಬಡಿದು ಸ್ಲ್ಯಾಪ್ ನುಡಿಸುವವರಿಗೆ ಟ್ವೀಟರ್, ಅಂದರೆ ಮೇಲಿನ ಸದ್ದಿನ ಪುಟ್ಟ ಸ್ಪೀಕರ್, ಬೇಕು; ಡಿಸ್ಟಾರ್ಷನ್ (ಬೇಕೆಂದೇ ಒರಟಾಗಿಸಿದ ಸದ್ದು) ಬಳಸುವವರು ಟ್ವೀಟರನ್ನು ತಗ್ಗಿಸಿಕೊಳ್ಳಲಿ. 10 ಇಂಚು ಚುರುಕು, 15 ಇಂಚು ದಪ್ಪ ಎಂಬ ಮಾತು ಅರ್ಧ ಸತ್ಯ. ಡಬ್ಬದ ಗಾತ್ರ, ವಿನ್ಯಾಸವೂ ಅಷ್ಟೇ ಮುಖ್ಯ.

ಹಳೆಯ ಸೋಲ್ ಸಂಗೀತದ ದುಂಡನೆಯ ಸದ್ದು ಬೇಕೆನ್ನುವವರಿಗೆ ನಾನು ಮೊದಲು ಹೇಳುವುದು ಮೇಲ್ಮೈ ನುಣುಪಾದ ಫ್ಲ್ಯಾಟ್‌ವೌಂಡ್ ತಂತಿ ಹಾಕಿಸಿ ಎಂದು. ಆ ಸದ್ದಿಗೆ ಹೆಸರಾದ, ಮೋಟೌನ್ ರೆಕಾರ್ಡ್ ಕಂಪನಿಯ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ವೇದಿಕೆಯಲ್ಲಿ ಆಂಪೆಗ್ ಬಿ-15 ಆಂಪ್ ಬಳಸಿದ್ದು ನಿಜ. ಆದರೆ ಮೋಟೌನ್ ಸ್ಟುಡಿಯೋದಲ್ಲಿ ಅವರ ಬೇಸ್ ಹೆಚ್ಚಾಗಿ ಆಂಪ್ ಇಲ್ಲದೆ ನೇರವಾಗಿ ರೆಕಾರ್ಡಿಂಗ್ ಕನ್ಸೋಲ್‌ಗೇ ಹೋಗುತ್ತಿತ್ತು.

ಟ್ಯೂಬ್ ಹೆಡ್ ಜೋರು ಮಾಡಿದಂತೆ ಮೆಲ್ಲಗೆ ಒರಟಾಗುತ್ತದೆ. ಆ ಒರಟುತನ ಬೇಡದವರು ಅದರ ಭಾರ ಹೊರುವ ಅಗತ್ಯವಿಲ್ಲ, ಕ್ಲಾಸ್ ಡಿ ಎಂಬ ಹಗುರ ಟ್ರಾನ್ಸಿಸ್ಟರ್ ಹೆಡ್ ಸಾಕು. ಕ್ಲಾಸ್ ಡಿ ಹೆಡ್ ಮೇಲೆ ಬರೆದ ವಾಟ್ ಸಾಮಾನ್ಯವಾಗಿ 4 ಓಮ್‌ನ (ಸ್ಪೀಕರ್ ಒಡ್ಡುವ ವಿದ್ಯುತ್ ತಡೆಯ ಅಳತೆ) ಕ್ಯಾಬಿನೆಟ್‌ಗೆ ಹೇಳಿದ್ದು. 8 ಓಮ್‌ನ ಒಂದೇ ಕ್ಯಾಬಿನೆಟ್ ಹಾಕಿದರೆ ಸುಮಾರು ಅರ್ಧ ಸಿಗುತ್ತದೆ, ಅಂಥವೇ ಎರಡು ಹಾಕಿದರೆ ಒಟ್ಟು ತಡೆ 4 ಓಮ್ ಆಗಿ ಪೂರ್ತಿ ಸಿಗುತ್ತದೆ. ಟ್ಯೂಬ್ ಹೆಡ್ಡನ್ನಂತೂ ಕ್ಯಾಬಿನೆಟ್ ಜೋಡಿಸದೆ ನುಡಿಸಲೇಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. ಜೋಡಿಸುವಾಗಲೂ ಗಿಟಾರ್ ಕೇಬಲ್ ಅಲ್ಲ, ಸ್ಪೀಕರ್ ಕೇಬಲ್ಲೇ ಆಗಬೇಕು.