ಇನ್ನೋವಾ ಐದು ಲಕ್ಷ ಓಡುತ್ತದೆ, ಆದರೆ ಯಾವ ಇನ್ನೋವಾ?

ಪ್ರಶ್ನೆ: ಸರ್, ಹೊಸಪೇಟೆಯಲ್ಲಿ 2010ರ ಡೀಸೆಲ್ ಇನ್ನೋವಾ ಮಾರಾಟಕ್ಕಿದೆ. ಮೀಟರ್ ಎರಡು ಲಕ್ಷ ಕಿಲೋಮೀಟರ್ ತೋರಿಸುತ್ತೆ. ಜಪಾನ್ ಇಂಜಿನ್, ಐದು ಲಕ್ಷದ ತನಕ ಕೈ ಹಚ್ಚೋದೇ ಬೇಡ ಅಂತಾರೆ. ತಗೋಬಹುದಾ?

ಬಳ್ಳಾರಿ, ಕೊಪ್ಪಳ, ರಾಯಚೂರು, ಎಲ್ಲಿಂದ ಬಂದರೂ ಪ್ರಶ್ನೆ ಇದೇ. ಊರು ಬದಲಾಗುತ್ತದೆ, ಗಾಡಿಯ ವರ್ಷ ಬದಲಾಗುತ್ತದೆ, "ಕೈ ಹಚ್ಚೋದೇ ಬೇಡ" ಅನ್ನುವುದು ಮಾತ್ರ ಬದಲಾಗುವುದಿಲ್ಲ. ಎಷ್ಟು ಸಲ ಹೇಳಿದರೂ ಮತ್ತೆ ಕೇಳುತ್ತಾರೆ. ಈ ಸಲ ಪೂರ್ತಿ ಬಿಡಿಸಿ ಹೇಳುತ್ತೇನೆ.

ಐದು ಲಕ್ಷ ಓಡಿದ ಇನ್ನೋವಾಗಳು ಇವೆ, ಸುಳ್ಳಲ್ಲ. ಅವು ಹೆಚ್ಚಾಗಿ ಟ್ರಾವೆಲ್ಸ್ ಗಾಡಿಗಳು. ಹೈವೇಯಲ್ಲಿ ಒಂದೇ ಹದದಲ್ಲಿ ಓಡಿದವು, ಹೊತ್ತಿಗೆ ಸರಿಯಾಗಿ ಆಯಿಲ್, ಫಿಲ್ಟರ್ ಕಂಡವು. ಕೈ ಹಚ್ಚಿದ್ದಕ್ಕೇ ಅವು ಅಷ್ಟು ಓಡಿದ್ದು! ಇನ್ನು ಜಪಾನಿನ ಮಾತು: 2005ರಿಂದ ನಮ್ಮ ರಸ್ತೆಗೆ ಬಂದ ಇನ್ನೋವಾ ತಯಾರಾದದ್ದು ಬಿಡದಿಯಲ್ಲಿ. ವಿನ್ಯಾಸ ಜಪಾನಿನದು, ಸರಿ. ಆದರೆ ಆಮೇಲೆ ಅದು ಕುಡಿದದ್ದು ನಮ್ಮೂರ ಡೀಸೆಲ್, ಎಳೆದುಕೊಂಡದ್ದು ನಮ್ಮೂರ ಗಾಳಿ.

ಆ ಗಾಳಿಯೇ ಇಲ್ಲಿ ಮುಖ್ಯ. 2010 ಅಂದರೆ ಗಣಿ ಜೋರಾಗಿದ್ದ ಕಾಲ. ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ಸುಪ್ರೀಂ ಕೋರ್ಟ್ ನಿಲ್ಲಿಸಿದ್ದು 2011ರ ಜುಲೈನಲ್ಲಿ. ಅದಕ್ಕೂ ಮುಂಚೆ ಸಂಡೂರು, ತೋರಣಗಲ್ಲು ಕಡೆ ಅದಿರು ಲಾರಿಗಳ ಹಿಂದೆ ದಿನಾ ಓಡಿದ ಗಾಡಿಗಳೇ ಇವತ್ತು ಮಾರಾಟಕ್ಕೆ ಬರುತ್ತಿವೆ. ಆ ಕೆಂಪು ಧೂಳು ಕೈಗೆ ನುಣ್ಣಗೆ ಹತ್ತುತ್ತದೆ, ಇಂಜಿನ್ನಿನೊಳಗೆ ಎಮರಿ ಪೇಪರಿನಂತೆ ಉಜ್ಜುತ್ತದೆ. ಏರ್ ಫಿಲ್ಟರ್ ಸರಿಯಾಗಿ ಕೂರದಿದ್ದರೆ, ಅಗ್ಗದ ನಕಲಿ ಫಿಲ್ಟರ್ ಹಾಕಿದ್ದರೆ, ಧೂಳು ಇಂಜಿನ್ನಿಗೆ ಗಾಳಿ ತುಂಬುವ ಟರ್ಬೊ ದಾಟಿ, ಪಿಸ್ಟನ್ ಸುತ್ತ ಬಿಗಿಯಾಗಿ ಕೂರುವ ರಿಂಗ್ ತನಕ ಹೋಗುತ್ತದೆ. ಜೊತೆಗೆ ಬೇಸಿಗೆಯಲ್ಲಿ ಸಾಹೇಬರು ಇಳಿದು ಹೋದ ಮೇಲೂ ಎಸಿ ಹಾಕಿಕೊಂಡು ಗಂಟೆಗಟ್ಟಲೆ ನಿಂತಲ್ಲೇ ನಡೆದ ಇಂಜಿನ್ನುಗಳಿವೆ. ಆ ಗಂಟೆಗಳನ್ನು ಕಿಲೋಮೀಟರ್ ಮೀಟರ್ ಎಣಿಸುವುದಿಲ್ಲ. ಮೀಟರನ್ನು ಯಾರೂ ತಿರುಗಿಸದೇ ಇದ್ದರೂ ಅದು ಅರ್ಧ ಕಥೆಯನ್ನಷ್ಟೇ ಹೇಳುತ್ತದೆ.

ಹಾಗಾದರೆ ಏನು ನೋಡಬೇಕು? "ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ" ಅಂತ ಮಾರುವವರಿಗೆ ಮೊದಲೇ ಹೇಳಿ, ಹೋದ ಕೂಡಲೇ ಬಾನೆಟ್ ಮುಟ್ಟಿ ನೋಡಿ. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೇ ಇಂಜಿನ್ನಿನ ತೊಂದರೆ ಕಾಣುವುದು, ಬಿಸಿ ಇದ್ದರೆ ಇನ್ನೊಂದು ದಿನ ಹೋಗಿ. ಏರ್ ಫಿಲ್ಟರ್ ಡಬ್ಬಿ ಬಿಚ್ಚಿಸಿ, ಫಿಲ್ಟರ್ ದಾಟಿದ ಮೇಲಿನ ಪೈಪಿನೊಳಗೆ ಬಿಳಿ ಬಟ್ಟೆ ಸುತ್ತಿದ ಬೆರಳು ಆಡಿಸಿ. ಬಟ್ಟೆ ಕೆಂಪಾದರೆ ಇಂಜಿನ್ ಧೂಳು ತಿಂದಿದೆ, ಚೌಕಾಸಿ ಮಾಡದೆ ಎದ್ದು ಬನ್ನಿ. ಸೀಟ್ ಬೆಲ್ಟನ್ನು ಕೊನೆಯ ತನಕ ಎಳೆಯಿರಿ. ವಾಟರ್ ವಾಶ್ ಮುಟ್ಟದ ಜಾಗ ಅದು, ಕೆಂಪು ಪಟ್ಟಿ ಅಲ್ಲೇ ಉಳಿದಿರುತ್ತದೆ. ಇಂಜಿನ್ ನಡೆಯುವಾಗ ಆಯಿಲ್ ಹಾಕುವ ಮುಚ್ಚಳ ತೆಗೆಸಿ. ದಟ್ಟ ಹೊಗೆ ಬುಸುಬುಸು ಬಂದರೆ ರಿಂಗ್ ಸವೆದಿವೆ ಅಂತಲೇ ತಿಳಿಯಿರಿ. ಪಿಸ್ಟನ್, ವಾಲ್ವುಗಳನ್ನು ಒಂದೇ ತಾಳಕ್ಕೆ ಆಡಿಸಲು ಈ 2.5 ಲೀಟರ್ ಡೀಸೆಲ್ ಇಂಜಿನ್ನಿಗೆ ಇರುವುದು ಟೈಮಿಂಗ್ ಬೆಲ್ಟ್, ಚೈನ್ ಅಲ್ಲ. ಯಾವಾಗ ಬದಲಿಸಿದರು ಅನ್ನುವುದಕ್ಕೆ ಬಿಲ್ ಕೇಳಿ. ಓಡುವಾಗ ಬೆಲ್ಟ್ ಹರಿದರೆ ಪಿಸ್ಟನ್ ವಾಲ್ವಿಗೆ ಬಡಿಯುತ್ತದೆ, ಇಂಜಿನ್ನಿನ ಮೇಲ್ಭಾಗ ಬಿಚ್ಚುವ ಹೆಡ್ ಕೆಲಸ ಗ್ಯಾರಂಟಿ.

ಕಾಗದದ ವಿಷಯ ಬೇಗ ಮುಗಿಸುತ್ತೇನೆ. 2010ರ ಗಾಡಿಗೆ ಹದಿನೈದು ವರ್ಷ ತುಂಬಿದೆ, ಆರ್‌ಸಿ ನವೀಕರಣ ಆಗಿದೆಯೇ ನೋಡಿ. ಲೋನ್ ಇದ್ದಿದ್ದರೆ ಅದು ತೀರಿದೆ ಅನ್ನುವುದಕ್ಕೆ ಫಾರಂ 35, ಮಾಲೀಕತ್ವ ವರ್ಗಾವಣೆಗೆ ಫಾರಂ 29, 30 ಬೇಕು. ಆಂಧ್ರ ಅಥವಾ ತೆಲಂಗಾಣದ ನಂಬರ್ ಆದರೆ ಅಲ್ಲಿನ ಆರ್‌ಟಿಒ ಕೊಡುವ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕು, ಇಲ್ಲಿನ ಲೈಫ್ ಟ್ಯಾಕ್ಸನ್ನೂ ಬೆಲೆಗೆ ಸೇರಿಸಿಕೊಂಡು ಲೆಕ್ಕ ಹಾಕಿ.

ಇದನ್ನು ಓದಿ "ಹಾಗಾದರೆ ಜಪಾನಿನಿಂದಲೇ ತರಿಸಿದರೆ?" ಅಂತ ಯಾರಿಗಾದರೂ ಅನಿಸಬಹುದು. ಜಪಾನಿನಲ್ಲಿ ಹೊಸ ಕಾರಿಗೆ ಮೂರು ವರ್ಷಕ್ಕೆ, ಆಮೇಲೆ ಎರಡೆರಡು ವರ್ಷಕ್ಕೆ ಶಾಕೆನ್ ಅನ್ನುವ ಕಡ್ಡಾಯ ತಪಾಸಣೆ ಇದೆ. ಅದರ ಖರ್ಚು ಬೇಡವೆಂದು ಒಳ್ಳೆಯ ಕಾರನ್ನೇ ಮಾರುವವರು ಅಲ್ಲಿ ಬಹಳ. ಶ್ರೀಲಂಕಾ, ಕೀನ್ಯಾದವರು ಅಂಥವನ್ನು ಕೊಳ್ಳುತ್ತಾರೆ. ನಮ್ಮಲ್ಲಿ ನಿಯಮ ಬೇರೆ: ಹಳೆ ಕಾರು ತಯಾರಾಗಿ ಮೂರು ವರ್ಷ ಮೀರಿರಬಾರದು, ಇಳಿಯಬೇಕಾದ್ದು ಮುಂಬೈ ಬಂದರಿನಲ್ಲೇ, ಸುಂಕ ತೆರಿಗೆ ಸೇರಿದರೆ ಕಾರಿನ ಬೆಲೆಯನ್ನೇ ಮೀರುತ್ತದೆ. ಹತ್ತು ವರ್ಷದ ಜಪಾನ್ ಕಾರು ಅಗ್ಗಕ್ಕೆ ತರಿಸಿಕೊಡುತ್ತೇನೆ ಅಂತ ಯಾರಾದರೂ ಅಡ್ವಾನ್ಸ್ ಕೇಳಿದರೆ ಒಂದು ರೂಪಾಯಿಯನ್ನೂ ಕೊಡಬೇಡಿ.