ನಿಜಲಿಂಗಪ್ಪ, 1962ರ ಹೊಸದುರ್ಗ ಮತ್ತು 164(4): ನನಗೆ ಅರ್ಥವಾದ ಹಾಗೆ

ಶನಿವಾರ ಬರೆದ ಮಾದರಿ ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಇತ್ತು. 1962ರ ಚುನಾವಣೆ ಮುಗಿದ ಕೂಡಲೇ ಮೈಸೂರು ರಾಜ್ಯದ ಮುಖ್ಯಮಂತ್ರಿ ಆದವರು ಯಾರು? ಆಯ್ಕೆಗಳು ನಾಲ್ಕು: ಬಿ.ಡಿ. ಜತ್ತಿ, ಎಸ್. ನಿಜಲಿಂಗಪ್ಪ, ಎಸ್.ಆರ್. ಕಂಠಿ, ವೀರೇಂದ್ರ ಪಾಟೀಲ. ಯೋಚನೆಯೇ ಮಾಡದೆ ನಿಜಲಿಂಗಪ್ಪ ಅಂತ ಗುರುತು ಹಾಕಿದೆ. ಚಿತ್ರದುರ್ಗದಲ್ಲಿ ಹುಟ್ಟಿ ಬೆಳೆದವಳಿಗೆ ಬೇರೆ ಯಾವ ಹೆಸರು ಹೊಳೆಯಬೇಕು?

ಸರಿ ಉತ್ತರ ಕಂಠಿ. ಯಾಕೆ ಅಂತ ಹುಡುಕಲು ಹೋದವಳು ಎರಡು ದಿನ ಅಲ್ಲೇ ಸಿಕ್ಕಿಹಾಕಿಕೊಂಡೆ. ಜೊತೆಯಲ್ಲಿ ಓದುವವರಿಗೆ ಉಪಯೋಗ ಆಗಲಿ, ನನಗೂ ಗಟ್ಟಿಯಾಗಲಿ ಅಂತ ಬರೆದಿಡುತ್ತಿದ್ದೇನೆ.

ಮೊದಲು ಬೇಗ ಬೇಗ

ನಿಜಲಿಂಗಪ್ಪನವರು ಹುಟ್ಟಿದ್ದು 10 ಡಿಸೆಂಬರ್ 1902ರಂದು, ಹಲುವಾಗಲು ಎಂಬ ಊರಲ್ಲಿ. ಶಾಲೆ ದಾವಣಗೆರೆಯಲ್ಲಿ, ಪದವಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ, ಕಾನೂನು ಪುಣೆಯಲ್ಲಿ. ಆಮೇಲೆ ಚಿತ್ರದುರ್ಗಕ್ಕೆ ಬಂದು ವಕೀಲಿಕೆ. ಸ್ವಾತಂತ್ರ್ಯ ಹೋರಾಟ, ಸಂವಿಧಾನ ಸಭೆ, ಕರ್ನಾಟಕ ಏಕೀಕರಣ ಇವೆಲ್ಲ ನಮಗೆ ಗೊತ್ತಿರುವುದೇ. 1952ರಲ್ಲಿ ಚಿತ್ರದುರ್ಗದಿಂದ ಲೋಕಸಭೆಗೆ ಹೋದರು. 1 ನವೆಂಬರ್ 1956ರಂದು ವಿಶಾಲ ಮೈಸೂರು ರಾಜ್ಯ ಆದಾಗ ಅದರ ಮೊದಲ ಮುಖ್ಯಮಂತ್ರಿ ಅವರೇ. 1958ರ ಮೇ ತಿಂಗಳಲ್ಲಿ ಪಕ್ಷದೊಳಗಿನ ಭಿನ್ನಮತದಿಂದ ರಾಜೀನಾಮೆ ಕೊಟ್ಟರು. ಜಮಖಂಡಿಯ ಜತ್ತಿ ಬಂದರು. ಜತ್ತಿಯವರದು 1962ರ ಮಾರ್ಚ್‌ವರೆಗೆ.

ಇಲ್ಲಿಯವರೆಗೆ ತೊಡಕಿಲ್ಲ.

ಕ್ಷೇತ್ರಗಳು: ಮೊ-ಹೊ-ಬಾ-ಶಿ

ಒಬ್ಬ ಶಾಸಕರ ಬಗ್ಗೆ ಓದುವಾಗ ನಾವು ಹುದ್ದೆಗಳ ಪಟ್ಟಿಯನ್ನು ಬಾಯಿಪಾಠ ಮಾಡುತ್ತೇವೆ. ಕ್ಷೇತ್ರ ಯಾವುದು ಅಂತ ನೋಡುವುದೇ ಇಲ್ಲ. ನಾನೂ ಹಾಗೇ ಮಾಡಿದ್ದೆ. ನನ್ನ ಉತ್ತರ ತಪ್ಪಿದ್ದು ಅಲ್ಲೇ. ನಿಜಲಿಂಗಪ್ಪನವರ ವಿಧಾನಸಭಾ ಕ್ಷೇತ್ರಗಳನ್ನು ಈಗ ಹೀಗೆ ನೆನಪಿಟ್ಟುಕೊಂಡಿದ್ದೇನೆ: ಮೊ-ಹೊ-ಬಾ-ಶಿ.

ಮೊ ಅಂದರೆ ಮೊಳಕಾಲ್ಮೂರು, 1957, ಗೆಲುವು. ಹೊ ಅಂದರೆ ಹೊಸದುರ್ಗ, 1962, ಸೋಲು. ಬಾ ಅಂದರೆ ಬಾಗಲಕೋಟೆ, ಅದೇ 1962, ಉಪಚುನಾವಣೆಯಲ್ಲಿ ಗೆಲುವು. ಶಿ ಅಂದರೆ ಶಿಗ್ಗಾಂವಿ, 1967, ಗೆಲುವು.

ನಾಲ್ಕು ಅಕ್ಷರ, ಮಧ್ಯೆ 62 ಎರಡು ಸಲ. ಮೊದಲ ಎರಡು ನಮ್ಮ ಜಿಲ್ಲೆಯವು, ಕೊನೆಯ ಎರಡು ಉತ್ತರ ಕರ್ನಾಟಕದವು. 'ಹೊ' ಒಂದೇ ಸೋಲು, ಅದಕ್ಕೆ ಪುಸ್ತಕದಲ್ಲಿ ಕೆಂಪು ಗೆರೆ ಎಳೆದಿದ್ದೇನೆ. ಬಸವರಾಜ ಬೊಮ್ಮಾಯಿಯವರು 2021ರಲ್ಲಿ ಮುಖ್ಯಮಂತ್ರಿ ಆದಾಗ ಅವರ ಕ್ಷೇತ್ರವೂ ಶಿಗ್ಗಾಂವಿಯೇ ಆಗಿತ್ತು. ಅದನ್ನು ಜೊತೆಗೆ ಸೇರಿಸಿಕೊಂಡರೆ 'ಶಿ' ಮರೆಯುವುದೇ ಇಲ್ಲ.

ಈ ನಾಲ್ಕು ಅಕ್ಷರ ನನಗೆ ಎಷ್ಟು ಇಷ್ಟವಾಯಿತು ಅಂದರೆ, ಈಗ ಯಾವ ನಾಯಕರ ಬಗ್ಗೆ ಓದಿದರೂ ಮೊದಲು ಕ್ಷೇತ್ರ ಮತ್ತು ವರ್ಷವನ್ನು ಒಂದು ಸಾಲಲ್ಲಿ ಬರೆಯುತ್ತೇನೆ. ಹುದ್ದೆ ಅದರ ಕೆಳಗೆ. ಎಲ್ಲಿ ಕ್ಷೇತ್ರ ಇದ್ದಕ್ಕಿದ್ದ ಹಾಗೆ ಬದಲಾಗುತ್ತದೋ ಅಲ್ಲಿ ಒಂದು ಕಥೆ ಇರುತ್ತದೆ, ಪ್ರಶ್ನೆಯೂ ಇರುತ್ತದೆ.

1962: ಏನು ನಡೆಯಿತು

ಆ ವರ್ಷ 208 ಸ್ಥಾನಗಳಲ್ಲಿ ಕಾಂಗ್ರೆಸ್ 138 ಗೆದ್ದಿತು. ಸ್ಪಷ್ಟ ಬಹುಮತ. ಆದರೆ ಮುಂದಿನ ಮುಖ್ಯಮಂತ್ರಿ ಆಗಬೇಕಿದ್ದ ನಿಜಲಿಂಗಪ್ಪನವರೇ ಹೊಸದುರ್ಗದಲ್ಲಿ ಪ್ರಜಾ ಸೋಷಲಿಸ್ಟ್ ಪಕ್ಷದ ಜಿ.ಟಿ. ರಂಗಪ್ಪನವರ ಎದುರು ಸೋತರು. ಹೊಸದುರ್ಗದ ಕಡೆಯ ನಮ್ಮ ದೊಡ್ಡಪ್ಪ ಇದನ್ನು ಕೇಳಿದ ಕೂಡಲೇ, "ಹೌದಮ್ಮ, ಅಷ್ಟು ದೊಡ್ಡೋರನ್ನೇ ಸೋಲಿಸಿದ ಊರು ಅಂತ ನಮ್ಮಪ್ಪ ಹೇಳೋರು" ಅಂದರು. ನನಗೆ ಮೈ ಜುಮ್ಮೆಂದಿತು. ಮುಖ್ಯಮಂತ್ರಿ ಆಗಿದ್ದವರು, ರಾಜ್ಯ ಕಟ್ಟಿದವರು. ಆದರೂ ಸ್ವಂತ ಜಿಲ್ಲೆಯ ಮತದಾರರು ಬೇರೆ ತೀರ್ಮಾನ ಕೊಟ್ಟರು.

ಆಗ 14 ಮಾರ್ಚ್ 1962ರಂದು ಎಸ್.ಆರ್. ಕಂಠಿ ಮುಖ್ಯಮಂತ್ರಿ ಆದರು. ಹುನಗುಂದದ ಶಾಸಕರು. ಅದಕ್ಕೆ ಮೊದಲು ವಿಧಾನಸಭೆಯ ಸ್ಪೀಕರ್ ಆಗಿದ್ದವರು. ಬಾಗಲಕೋಟೆಯಲ್ಲಿ ಗೆದ್ದಿದ್ದ ಕಾಂಗ್ರೆಸ್ ಶಾಸಕರು ರಾಜೀನಾಮೆ ಕೊಟ್ಟು ಸ್ಥಾನ ತೆರವು ಮಾಡಿದರು. ಅಲ್ಲಿಂದ ನಿಜಲಿಂಗಪ್ಪ ಅವಿರೋಧವಾಗಿ ಆಯ್ಕೆಯಾದರು. ಜೂನ್ 20ಕ್ಕೆ ಕಂಠಿ ಇಳಿದರು, 21ಕ್ಕೆ ನಿಜಲಿಂಗಪ್ಪ ಪ್ರಮಾಣವಚನ ತೆಗೆದುಕೊಂಡರು. ಕಂಠಿಯವರು ಅದೇ ಸಂಪುಟದಲ್ಲಿ ಶಿಕ್ಷಣ ಸಚಿವರಾಗಿ ಮುಂದುವರಿದರು. ಮುಖ್ಯಮಂತ್ರಿ ಕುರ್ಚಿ ಬಿಟ್ಟುಕೊಟ್ಟು ಅದೇ ಸರ್ಕಾರದಲ್ಲಿ ಸಚಿವರಾಗಿ ಕೂರುವುದು ಸಣ್ಣ ಮಾತಲ್ಲ. ಕಂಠಿಯವರ ಹೆಸರು ಒಂದು ಅಂಕದ ಪ್ರಶ್ನೆಯಾಗಿ ಮಾತ್ರ ಉಳಿದಿರುವುದು ನನಗೆ ಬೇಸರ.

ನಾನು ಎಡವಿದ ಜಾಗ

ಗ್ರಂಥಾಲಯದಲ್ಲಿ ಯಾರನ್ನು ಕೇಳಿದರೂ ಒಂದೇ ಉತ್ತರ: "ಸೋತರೆ ಮುಖ್ಯಮಂತ್ರಿ ಆಗೋಕೆ ಬರಲ್ಲ ಅಲ್ವಾ? ಅದಕ್ಕೇ ಕಂಠಿ ಆದ್ರು." ನಾನೂ ಹಾಗೇ ಬರೆದುಕೊಂಡೆ. ರಾತ್ರಿ ಸಂವಿಧಾನ ತೆಗೆದು 164ನೇ ವಿಧಿಯ 4ನೇ ಉಪವಿಧಿ ಓದಿದಾಗ ಪೆನ್ನು ಕೆಳಗಿಟ್ಟೆ. ಅದರಲ್ಲಿ ಹಾಗೆ ಇಲ್ಲವೇ ಇಲ್ಲ!

ಅದು ಹೇಳುವುದು ಇಷ್ಟು: ಯಾವುದೇ ಸಚಿವರು ಸತತ ಆರು ತಿಂಗಳು ರಾಜ್ಯ ಶಾಸಕಾಂಗದ ಸದಸ್ಯರಾಗಿರದಿದ್ದರೆ, ಆ ಆರು ತಿಂಗಳು ಮುಗಿದಾಗ ಅವರು ಸಚಿವರಾಗಿ ಉಳಿಯುವುದಿಲ್ಲ. ಮುಖ್ಯಮಂತ್ರಿಯೂ ಸಚಿವರೇ, ಆದ್ದರಿಂದ ಅವರಿಗೂ ಇದೇ ನಿಯಮ.

ಇದನ್ನು ಒಂದೊಂದೇ ಪದ ಹಿಡಿದು ಓದಿ. ನನಗೆ ಹಾಗೆ ಓದಿದಾಗಲೇ ಬಿಡಿಸಿದ್ದು.

'ಶಾಸಕಾಂಗ' ಅಂತ ಇದೆ, ವಿಧಾನಸಭೆ ಅಂತ ಇಲ್ಲ. ಅಂದರೆ ಮೇಲ್ಮನೆ ಇರುವ ರಾಜ್ಯದಲ್ಲಿ ವಿಧಾನ ಪರಿಷತ್ತಿನ ಸದಸ್ಯರಾದರೂ ಸಾಕು. ನಮ್ಮಲ್ಲಿ ಪರಿಷತ್ತು ಇದೆ, ಈಗ 75 ಸದಸ್ಯರು.

'ಆರು ತಿಂಗಳು' ಎಲ್ಲಿಂದ ಎಣಿಸಬೇಕು? ಸಚಿವರಾಗಿ ಪ್ರಮಾಣ ತೆಗೆದುಕೊಂಡ ದಿನದಿಂದ. ಫಲಿತಾಂಶದ ದಿನದಿಂದ ಎಣಿಸಬಾರದು. ನಾನು ಮೊದಲು ಹಾಗೆ ಎಣಿಸಿ ತಪ್ಪು ಮಾಡಿದ್ದೆ.

ಮತ್ತೆ ಮುಖ್ಯವಾದದ್ದು: 'ಸೋತವರು' ಎಂಬ ಪದ ಆ ಉಪವಿಧಿಯಲ್ಲಿ ಎಲ್ಲೂ ಇಲ್ಲ. ಚುನಾವಣೆಗೇ ನಿಲ್ಲದವರು, ನಿಂತು ಸೋತವರು, ಇಬ್ಬರೂ ಈ ನಿಯಮದ ಕಣ್ಣಿಗೆ ಒಂದೇ. ಇಬ್ಬರೂ 'ಈಗ ಸದಸ್ಯರಲ್ಲ', ಅಷ್ಟೇ.

ಈಗ 1962ಕ್ಕೆ ಹಾಕಿ ನೋಡೋಣ. ನಿಜಲಿಂಗಪ್ಪನವರು ಮಾರ್ಚ್ 14ಕ್ಕೇ ಪ್ರಮಾಣ ತೆಗೆದುಕೊಂಡಿದ್ದರು ಅಂದುಕೊಳ್ಳಿ. ಆರು ತಿಂಗಳು ಅಂದರೆ ಸೆಪ್ಟೆಂಬರ್ ಮಧ್ಯದವರೆಗೆ ಸಮಯ. ಅವರು ಜೂನ್ 21ಕ್ಕೆ ಮೊದಲೇ ಬಾಗಲಕೋಟೆಯ ಶಾಸಕರಾಗಿದ್ದರು. ಅಂದರೆ ಇನ್ನೂ ಎರಡೂವರೆ ತಿಂಗಳಿಗಿಂತ ಜಾಸ್ತಿ ಉಳಿದಿರುವಾಗಲೇ ಷರತ್ತು ಪೂರ್ತಿಯಾಗಿರುತ್ತಿತ್ತು. ಸಂವಿಧಾನ ಅವರನ್ನು ತಡೆಯಲಿಲ್ಲ. ತಡೆದದ್ದು ಕಾನೂನಿನ ಹೊರಗಿನ ವಿಷಯ. ಜನ ಈಗ ತಾನೇ ತಿರಸ್ಕರಿಸಿದ್ದಾರೆ, ಮರುದಿನವೇ ಹೋಗಿ ಕುರ್ಚಿಯಲ್ಲಿ ಕೂತರೆ ಚೆನ್ನಾಗಿರುವುದಿಲ್ಲ ಎಂಬ ಮರ್ಯಾದೆ. ಇದು ನಾನು ಓದಿಕೊಂಡ ರೀತಿ. ನನಗೆ ಇದೇ ಸರಿ ಅನ್ನಿಸುತ್ತದೆ, ಯಾಕೆಂದರೆ ದಿನಾಂಕಗಳು ಬೇರೆ ಯಾವ ಕಾರಣಕ್ಕೂ ಜಾಗ ಬಿಡುವುದಿಲ್ಲ.

ಹಾಗಾಗಿ ವಿವರಣಾತ್ಮಕ ಪ್ರಶ್ನೆ ಬಂದರೆ "ಸೋತಿದ್ದರಿಂದ ಸಂವಿಧಾನದ ಪ್ರಕಾರ ಮುಖ್ಯಮಂತ್ರಿ ಆಗಲು ಸಾಧ್ಯವಿರಲಿಲ್ಲ" ಅಂತ ದಯವಿಟ್ಟು ಬರೆಯಬೇಡಿ.

ಇದೇ ನಿಯಮ, ಬೇರೆ ಮೂರು ಸಂದರ್ಭ

ನನ್ನ ಅರ್ಥ ಸರಿಯಾ ಅಂತ ಪರೀಕ್ಷಿಸಲು ಬೇರೆ ಉದಾಹರಣೆ ಹುಡುಕಿದೆ. ಪಶ್ಚಿಮ ಬಂಗಾಳದ ಮಮತಾ ಬ್ಯಾನರ್ಜಿ 2021ರಲ್ಲಿ ನಂದಿಗ್ರಾಮದಲ್ಲಿ ಸೋತರು, ಮೇ 5ಕ್ಕೆ ಮುಖ್ಯಮಂತ್ರಿಯಾಗಿ ಪ್ರಮಾಣ ತೆಗೆದುಕೊಂಡರು. ಆ ರಾಜ್ಯದಲ್ಲಿ ಮೇಲ್ಮನೆ ಇಲ್ಲ, ಆದ್ದರಿಂದ ವಿಧಾನಸಭೆಗೇ ಗೆಲ್ಲಬೇಕಿತ್ತು. ಅಕ್ಟೋಬರ್ 3ಕ್ಕೆ ಭವಾನಿಪುರ ಉಪಚುನಾವಣೆಯ ಫಲಿತಾಂಶ ಬಂತು, ಗೆದ್ದರು. ಆರು ತಿಂಗಳು ಮುಗಿಯಲು ಸುಮಾರು ಒಂದು ತಿಂಗಳು ಬಾಕಿ ಇತ್ತು. ನಿಜಲಿಂಗಪ್ಪನವರು ಬಳಸದೆ ಬಿಟ್ಟ ದಾರಿ ಇದೇ.

ಎರಡನೆಯದು ಪಂಜಾಬಿನದು. ಸದಸ್ಯರಲ್ಲದ ಒಬ್ಬರು ಸಚಿವರಾದರು, ಆರು ತಿಂಗಳು ಮುಗಿಯುವ ಹೊತ್ತಿಗೆ ರಾಜೀನಾಮೆ ಕೊಟ್ಟರು, ಗೆಲ್ಲದೆಯೇ ಅದೇ ವಿಧಾನಸಭೆಯ ಅವಧಿಯಲ್ಲಿ ಮತ್ತೆ ಸಚಿವರಾದರು. ಎಸ್.ಆರ್. ಚೌಧರಿ ಪ್ರಕರಣದಲ್ಲಿ 2001ರಲ್ಲಿ ಸುಪ್ರೀಂ ಕೋರ್ಟ್ ಇದು ಸಲ್ಲದು ಅಂದಿತು. ಆರು ತಿಂಗಳ ಅವಕಾಶ ಒಂದು ಅವಧಿಗೆ ಒಂದೇ ಸಲ, ಗೆಲ್ಲದೆ ಅದನ್ನು ಮತ್ತೆ ಮತ್ತೆ ತೆಗೆದುಕೊಳ್ಳುವಂತಿಲ್ಲ.

ಮೂರನೆಯದು ಜಯಲಲಿತಾ ಅವರದು. 2001ರ ಮೇ ತಿಂಗಳಲ್ಲಿ ಮುಖ್ಯಮಂತ್ರಿ ಆದರು, ಸೆಪ್ಟೆಂಬರ್ 21ಕ್ಕೆ ಸುಪ್ರೀಂ ಕೋರ್ಟ್ ಆ ನೇಮಕ ರದ್ದು ಮಾಡಿತು. ಅವರು ಸೋತಿರಲಿಲ್ಲ. ಶಿಕ್ಷೆಯ ಕಾರಣಕ್ಕೆ ಚುನಾವಣೆಗೆ ನಿಲ್ಲಲೇ ಅನರ್ಹರಾಗಿದ್ದರು. ನಿಲ್ಲಲು ಅರ್ಹತೆ ಇಲ್ಲದವರಿಗೆ 164(4)ರ ಆರು ತಿಂಗಳು ಸಿಗುವುದಿಲ್ಲ ಎಂಬುದು ತೀರ್ಪು.

ಅಂಚಿನಲ್ಲಿ ದೊಡ್ಡದಾಗಿ ಬರೆದುಕೊಂಡಿದ್ದೇನೆ: ಸೋಲು ಬೇರೆ, ಅನರ್ಹತೆ ಬೇರೆ. ಸೋತವರಿಗೆ ಆರು ತಿಂಗಳು ಉಂಟು, ಅನರ್ಹರಿಗೆ ಒಂದು ದಿನವೂ ಇಲ್ಲ.

ಕೇಂದ್ರದಲ್ಲಿ ಇದೇ ಮಾತು 75(5)ರಲ್ಲಿದೆ. ದೇವೇಗೌಡರು 1996ರ ಜೂನ್ 1ಕ್ಕೆ ಪ್ರಧಾನಿ ಆದಾಗ ಸಂಸತ್ ಸದಸ್ಯರಾಗಿರಲಿಲ್ಲ, ಆಮೇಲೆ ರಾಜ್ಯಸಭೆಗೆ ಬಂದರು. 164(4), 75(5): ಜೋಡಿಯಾಗಿ ಓದಿ.

ಎಷ್ಟು ಸಲ ಮುಖ್ಯಮಂತ್ರಿ?

ಎರಡು ಅವಧಿ. 1956ರಿಂದ 58, 1962ರಿಂದ 68. ಮಧ್ಯೆ 1957ರಲ್ಲಿ ಮತ್ತು 1967ರಲ್ಲಿ ಚುನಾವಣೆ ಬಂದು ಅವರೇ ಮುಂದುವರಿದರು. ಅದನ್ನು ಬೇರೆ ಅವಧಿ ಅಂತ ಎಣಿಸಿದರೆ ನಾಲ್ಕು ಆಗಿಬಿಡುತ್ತದೆ. ಬಿಡುವು ಇಲ್ಲದಿದ್ದರೆ ಒಂದೇ ಅವಧಿ ಅಂತ ಇಟ್ಟುಕೊಳ್ಳಿ.

1968ರ ಮೇಲೆ

ಅಖಿಲ ಭಾರತ ಕಾಂಗ್ರೆಸ್ ಅಧ್ಯಕ್ಷರಾದ್ದರಿಂದ 1968ರ ಮೇ ತಿಂಗಳಲ್ಲಿ ಮುಖ್ಯಮಂತ್ರಿ ಹುದ್ದೆ ಬಿಟ್ಟರು, ವೀರೇಂದ್ರ ಪಾಟೀಲರು ಬಂದರು. 1969ರ ರಾಷ್ಟ್ರಪತಿ ಚುನಾವಣೆಯಲ್ಲಿ ಪಕ್ಷದ ಅಭ್ಯರ್ಥಿ ನೀಲಂ ಸಂಜೀವ ರೆಡ್ಡಿ ಸೋತು ವಿ.ವಿ. ಗಿರಿ ಗೆದ್ದರು. ನವೆಂಬರ್ 12ಕ್ಕೆ ಇಂದಿರಾ ಗಾಂಧಿಯವರನ್ನು ಪಕ್ಷದಿಂದ ಹೊರಹಾಕಲಾಯಿತು. ಪಕ್ಷ ಎರಡಾಯಿತು, ಒಡೆಯುವ ಮುಂಚಿನ ಕಾಂಗ್ರೆಸ್‌ನ ಕೊನೆಯ ಅಧ್ಯಕ್ಷರು ನಿಜಲಿಂಗಪ್ಪ. 1972ರಲ್ಲಿ ರಾಜ್ಯದಲ್ಲಿ ಇಂದಿರಾ ಬಣ ಗೆದ್ದು ದೇವರಾಜ ಅರಸು ಬಂದರು. ನಿಜಲಿಂಗಪ್ಪನವರು ತೀರಿಕೊಂಡದ್ದು 2000ದ ಆಗಸ್ಟ್‌ನಲ್ಲಿ, ಚಿತ್ರದುರ್ಗದಲ್ಲೇ. ಊರ ಹೊರಗೆ ಸೀಬಾರದಲ್ಲಿ ಸ್ಮಾರಕ ಇದೆ.

ಜಿಲ್ಲೆಯ ಬಲೆ

ಹಲುವಾಗಲು ಯಾವ ಜಿಲ್ಲೆ? ಒಂದು ಪುಸ್ತಕದಲ್ಲಿ ಬಳ್ಳಾರಿ, ಇನ್ನೊಂದರಲ್ಲಿ ದಾವಣಗೆರೆ. ಎರಡೂ ತಪ್ಪಲ್ಲ, ಬರೆದ ಕಾಲ ಬೇರೆ. ಆ ಊರು ಹರಪನಹಳ್ಳಿ ತಾಲ್ಲೂಕಿನದು. ಹರಪನಹಳ್ಳಿ ಮೊದಲು ಬಳ್ಳಾರಿಯಲ್ಲಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಅದಕ್ಕೆ ಸೇರಿತು, 2018ರಲ್ಲಿ ಮತ್ತೆ ಬಳ್ಳಾರಿಗೆ ಹೋಯಿತು, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಹಾಗೆಯೇ 1962ರಲ್ಲಿ ಬಾಗಲಕೋಟೆ ಇದ್ದದ್ದು ಬಿಜಾಪುರ ಜಿಲ್ಲೆಯಲ್ಲಿ, 1967ರಲ್ಲಿ ಶಿಗ್ಗಾಂವಿ ಇದ್ದದ್ದು ಧಾರವಾಡ ಜಿಲ್ಲೆಯಲ್ಲಿ. ಪ್ರಶ್ನೆಯಲ್ಲಿ 'ಆಗಿನ' ಅಂತ ಇದೆಯಾ, 'ಈಗಿನ' ಅಂತ ಇದೆಯಾ ನೋಡಿಕೊಂಡು ಗುರುತು ಹಾಕಿ.

ಭಾನುವಾರ ಗ್ರಂಥಾಲಯಕ್ಕೆ ಬರುವವರಿಗೆ ನಾನೇ ಮಾಡಿದ ಒಂದು ಪ್ರಶ್ನೆ. ಮೇಲ್ಮನೆ ಇರುವ ರಾಜ್ಯದಲ್ಲಿ ಒಬ್ಬರು ಚುನಾವಣೆಯಲ್ಲಿ ಸೋತು, ಜನವರಿ 10ಕ್ಕೆ ಸಚಿವರಾಗುತ್ತಾರೆ. ಜೂನ್ 30ಕ್ಕೆ ವಿಧಾನ ಪರಿಷತ್ತಿಗೆ ಆಯ್ಕೆಯಾಗುತ್ತಾರೆ. ಅವರ ಸಚಿವ ಸ್ಥಾನ ಉಳಿಯುತ್ತದಾ? ಉಳಿಯುತ್ತದೆ. ಯಾಕೆ ಅಂತ ಮೂರು ಸಾಲಲ್ಲಿ ಬರೆದುಕೊಂಡು ಬನ್ನಿ, ಅದರಲ್ಲಿ 'ಶಾಸಕಾಂಗ' ಎಂಬ ಪದ ಇರಲೇಬೇಕು.