ಬಯೋಮೆಡಿಕಲ್ ಎಂಜಿನಿಯರಿಂಗ್ ಅಂದರೇನು?

ಸಿಇಟಿ ಆಪ್ಷನ್ ಎಂಟ್ರಿ ಶುರುವಾದಾಗ ಬೆಳಗಾವಿಯ ಮನೆಗಳಲ್ಲಿ ಈ ಹೆಸರು ಒಮ್ಮೆಯಾದರೂ ಬರುತ್ತದೆ. ನೀಟ್‌ನಲ್ಲಿ ರ‍್ಯಾಂಕ್ ಸಾಲದೆ ಬೇಜಾರಾಗಿ ಕೂತ ಮಕ್ಕಳಿಗೆ “ಇದೂ ಮೆಡಿಕಲ್ಲೇ ಅಲ್ವಾ, ತಗೋ” ಎನ್ನುವ ಹಿರಿಯರು ಇರುತ್ತಾರೆ. ಆದರೆ ಇದು ಪೂರ್ತಿ ಎಂಜಿನಿಯರಿಂಗ್. ನಾಲ್ಕು ವರ್ಷದ ಬಿ.ಇ. ಡಿಗ್ರಿ. ಸೇರಲು ಫಿಸಿಕ್ಸ್, ಮ್ಯಾಥ್ಸ್ ಬೇಕೇ ಬೇಕು. ಪಿಯುಸಿಯಲ್ಲಿ ಬಯಾಲಜಿ ಓದಿರಲೇಬೇಕು ಎಂದೇನಿಲ್ಲ.

ಬದುಕಿರುವ ದೇಹವನ್ನು ಅಳೆಯುವುದು, ಆ ಅಳತೆಯನ್ನು ಡಾಕ್ಟರು ನಂಬಿ ಚಿಕಿತ್ಸೆ ಕೊಡುವ ಮಟ್ಟಕ್ಕೆ ತರುವುದು, ಸೋತ ಅಂಗದ ಕೆಲಸವನ್ನು ಯಂತ್ರದಿಂದ ಮಾಡಿಸುವುದು: ಈ ಓದಿನ ವ್ಯಾಪ್ತಿ ಇಷ್ಟು. ಇಷ್ಟು ಹೇಳಿದರೆ ಸುಲಭ ಅನಿಸುತ್ತದೆ. ಎಷ್ಟು ಕಷ್ಟ ಎಂದು ತಿಳಿಯಲು, ಹೃದಯದ ವಿದ್ಯುತ್ತನ್ನು ಗೆರೆಯಾಗಿ ತೋರಿಸುವ ಇಸಿಜಿಯನ್ನೇ ನೋಡೋಣ.

ಹೃದಯ ಬಡಿದಾಗಲೆಲ್ಲ ಅದರ ಸ್ನಾಯುಗಳಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ಚರ್ಮದವರೆಗೆ ಬರುವ ಹೊತ್ತಿಗೆ ಅದು ಸುಮಾರು 1 ಮಿಲಿವೋಲ್ಟ್. ಗೋಡೆ ಗಡಿಯಾರಕ್ಕೆ ಹಾಕುವ ಸೆಲ್ಲಿನ 1,500ನೇ ಒಂದು ಪಾಲು. ಅದೇ ಕೋಣೆಯ ವೈರು, ಟ್ಯೂಬ್‌ಲೈಟು, ಫ್ಯಾನು ಎಲ್ಲ ಸೇರಿ 50 ಹರ್ಟ್ಸ್‌ನ, ಅಂದರೆ ಸೆಕೆಂಡಿಗೆ 50 ಸಲ ಏರಿಳಿಯುವ, ಕರೆಂಟಿನ ಗದ್ದಲವನ್ನು ರೋಗಿಯ ಮೈಗೆ ಹತ್ತಿಸುತ್ತವೆ. ಅದು ಹೃದಯದ ಸಿಗ್ನಲ್‌ಗಿಂತ ಸಾವಿರ ಪಟ್ಟು ಜಾಸ್ತಿಯೂ ಇರಬಹುದು. ಬನದ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡದಲ್ಲಿ, ಚೌಡಿಕೆ ಮತ್ತು “ಉಧೋ ಉಧೋ” ನಡುವೆ, ಪಕ್ಕದವರು ಪಿಸುಗುಟ್ಟಿದ್ದನ್ನು ಕೇಳಿಸಿಕೊಂಡಂತೆ ಈ ಕೆಲಸ.

ಇದಕ್ಕೆ ಕಂಡುಕೊಂಡ ಉಪಾಯ ನನಗೆ ತುಂಬಾ ಇಷ್ಟ. ಕರೆಂಟಿನ ಗದ್ದಲ ಎಡಗೈಯಲ್ಲೂ ಬಲಗೈಯಲ್ಲೂ ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ. ಹೃದಯದ ಸಿಗ್ನಲ್ ಮಾತ್ರ ಎರಡು ಕಡೆ ಬೇರೆ ಬೇರೆ. ಇನ್‌ಸ್ಟ್ರುಮೆಂಟೇಶನ್ ಆಂಪ್ಲಿಫೈಯರ್ ಎಂಬ ಸರ್ಕ್ಯೂಟು ಎರಡರ ವ್ಯತ್ಯಾಸವನ್ನಷ್ಟೇ ಹಿಗ್ಗಿಸುತ್ತದೆ. ಎರಡೂ ಕಡೆ ಸಮನಾಗಿದ್ದ ಗದ್ದಲ ಬಹುಪಾಲು ಕಳೆದುಹೋಗುತ್ತದೆ. ಬಲಗಾಲಿಗೆ ಹಾಕುವ ಕ್ಲಿಪ್ಪು ನೋಡಿದ್ದೀರಲ್ಲ? ಇಸಿಜಿಯ ಗೆರೆಗಳನ್ನು ಅದರಿಂದ ತೆಗೆಯುವುದಿಲ್ಲ. ಉಳಿದ ಗದ್ದಲವನ್ನು ತಲೆಕೆಳಗು ಮಾಡಿ ಮೈಗೆ ವಾಪಸ್ ಕಳಿಸಿ ಅಡಗಿಸುವುದು ಅದರ ಕೆಲಸ.

ಮುಂದಿನದು ಇನ್ನೂ ಸೂಕ್ಷ್ಮ. ರೋಗಿ ಉಸಿರಾಡಿದಂತೆ ಇಸಿಜಿಯ ಗೆರೆ ಮೇಲೆ ಕೆಳಗೆ ತೇಲುತ್ತದೆ. ಅದನ್ನು ನೆಟ್ಟಗೆ ಮಾಡಲು ಫಿಲ್ಟರ್ ಹಾಕುತ್ತಾರೆ. ರೋಗ ಗುರುತಿಸುವ ಇಸಿಜಿಯಲ್ಲಿ ಸಾಮಾನ್ಯವಾಗಿ 0.05 ಹರ್ಟ್ಸ್‌ಗಿಂತ ಕೆಳಗಿನ, ಅಂದರೆ ತೀರಾ ನಿಧಾನದ, ಏರಿಳಿತವನ್ನು ಮಾತ್ರ ಕತ್ತರಿಸುತ್ತಾರೆ. ಗೆರೆ ಚೆಂದ ಕಾಣಲಿ ಎಂದು ಇದನ್ನು 0.5 ಹರ್ಟ್ಸ್‌ಗೆ ಏರಿಸಿದರೆ ಎಸ್‌ಟಿ ಎನ್ನುವ ಭಾಗ ಸೊಟ್ಟಗಾಗಬಹುದು. ಹೃದಯಕ್ಕೆ ರಕ್ತ ಸಾಲುತ್ತಿದೆಯೋ ಇಲ್ಲವೋ ಎಂದು ಡಾಕ್ಟರು ನೋಡುವುದು ಅದೇ ಭಾಗವನ್ನು. ಫಿಲ್ಟರಿನ ಒಂದು ಅಂಕಿ ತಪ್ಪಿದರೆ ಇಲ್ಲದ ರೋಗ ಕಾಣಬಹುದು, ಇದ್ದದ್ದು ಮರೆಯಾಗಬಹುದು. ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್ ಎಂಬ ಪೇಪರನ್ನು ಬೇರೆ ಬ್ರಾಂಚಿನವರೂ ಓದುತ್ತಾರೆ. ಇಲ್ಲಿ ಅದರ ಪ್ರತಿ ಲೆಕ್ಕದ ಹಿಂದೆ ಒಬ್ಬ ರೋಗಿ ಇರುತ್ತಾನೆ.

ಈ ಯಂತ್ರವನ್ನು ಮೊದಲು ಕೆಲಸಕ್ಕೆ ಬರುವಂತೆ ಮಾಡಿದವನು ನೆದರ್‌ಲ್ಯಾಂಡ್ಸ್‌ನ ವಿಲೆಮ್ ಐಂಥೋವೆನ್. 1900ರ ದಶಕದ ಅವನ ಯಂತ್ರ ಸುಮಾರು 270 ಕೆ.ಜಿ. ತೂಗುತ್ತಿತ್ತು. ರೋಗಿ ಕೈಕಾಲುಗಳನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಇಟ್ಟು ಕೂರಬೇಕಿತ್ತು. 1924ರಲ್ಲಿ ಅವನಿಗೆ ನೊಬೆಲ್ ಬಂತು.

ಕೋವಿಡ್ ಕಾಲದಲ್ಲಿ ಮನೆಮನೆಗೆ ಬಂದ ಪಲ್ಸ್ ಆಕ್ಸಿಮೀಟರ್ ಕೂಡ ಇದೇ ಓದಿನ ಫಲ. ಬೆರಳಿನ ಮೂಲಕ ಎರಡು ಬೆಳಕು ಹಾಯುತ್ತವೆ. ಒಂದು ಸುಮಾರು 660 ನ್ಯಾನೋಮೀಟರಿನ ಕೆಂಪು, ಇನ್ನೊಂದು ಸುಮಾರು 940ರ ಇನ್‌ಫ್ರಾರೆಡ್. ಆಕ್ಸಿಜನ್ ಇರುವ ರಕ್ತ ಕೆಂಪು ಬೆಳಕನ್ನು ಕಡಿಮೆ ಹೀರುತ್ತದೆ, ಇಲ್ಲದ ರಕ್ತ ಜಾಸ್ತಿ ಹೀರುತ್ತದೆ. ನಾಡಿ ಬಡಿದಾಗ ಏರಿಳಿಯುವ ಭಾಗವನ್ನಷ್ಟೇ ಆರಿಸಿಕೊಂಡರೆ ಅದು ಅಪಧಮನಿಯ, ಅಂದರೆ ಹೃದಯದಿಂದ ಹೊರಡುವ ರಕ್ತನಾಳದ, ರಕ್ತದ ಲೆಕ್ಕ. ಈ ಯುಕ್ತಿ 1970ರ ದಶಕದಲ್ಲಿ ಜಪಾನಿನ ಟಕುವೋ ಅಯೋಯಾಗಿ ಅವರಿಗೆ ಹೊಳೆದದ್ದು. ಕಪ್ಪು ಮೈಬಣ್ಣದವರಲ್ಲಿ ಈ ಯಂತ್ರ ಆಕ್ಸಿಜನ್ನನ್ನು ನಿಜಕ್ಕಿಂತ ಜಾಸ್ತಿ ತೋರಿಸಬಹುದು ಎಂದು 2020ರಲ್ಲಿ ಅಮೆರಿಕದ ಒಂದು ಅಧ್ಯಯನ ಎಚ್ಚರಿಸಿತು. ಇದನ್ನು ಸರಿಮಾಡುವ ಕೆಲಸ ನಮ್ಮ ಮಕ್ಕಳ ಕೈಯಿಂದಲೂ ಆಗಬೇಕು. ಇದು ನಮ್ಮ ಬೆರಳುಗಳ ವಿಷಯ.

ಅಳೆಯುವುದರ ಜೊತೆಗೆ ಕೆಡುಕಾಗದಂತೆ ಕಾಯುವುದನ್ನೂ ಕಲಿಸುತ್ತಾರೆ. ಕೈಗೆ ಸುಮಾರು 1 ಮಿಲಿಆಂಪ್ ಕರೆಂಟ್ ತಾಗಿದರೆ ಜುಮ್ ಎನ್ನುತ್ತದೆ, ಅಷ್ಟೇ. ಹೃದಯಕ್ಕೇ ತಂತಿ ತಾಗಿರುವ ರೋಗಿಗೆ ಅದರ ನೂರನೇ ಒಂದು ಪಾಲಿಗಿಂತ ಜಾಸ್ತಿ, ಅಂದರೆ 10 ಮೈಕ್ರೋಆಂಪ್‌ಗಿಂತ ಜಾಸ್ತಿ, ಮಾಮೂಲಿ ಸ್ಥಿತಿಯಲ್ಲಿ ಯಂತ್ರದಿಂದ ಸೋರಬಾರದು ಎಂಬ ಅಂತರರಾಷ್ಟ್ರೀಯ ನಿಯಮವಿದೆ.

ಮೆಕ್ಯಾನಿಕ್ಸ್, ಮೆಟೀರಿಯಲ್ಸ್ ಕಡೆ ಒಲವಿರುವವರಿಗೂ ಇಲ್ಲಿ ಜಾಗವಿದೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾ. ಎಂ.ಎಸ್. ವಲಿಯತ್ತಾನ್ ಅವರ ಮುಂದಾಳತ್ವದಲ್ಲಿ ನಮ್ಮದೇ ಹೃದಯ ಕವಾಟ ತಯಾರಾಯಿತು. ಮೊದಲ ಮೂರು ಮಾದರಿಗಳು ಕೈಕೊಟ್ಟವು. ನಾಲ್ಕನೆಯದನ್ನು 1990ರ ಡಿಸೆಂಬರ್‌ನಲ್ಲಿ ಮೊದಲ ಸಲ ರೋಗಿಗೆ ಜೋಡಿಸಿದರು. ಅಂಥ ಕವಾಟ ವರ್ಷಕ್ಕೆ ಸುಮಾರು 4 ಕೋಟಿ ಸಲ ತೆರೆದು ಮುಚ್ಚಬೇಕು, ಸವೆಯಬಾರದು, ರಕ್ತ ಹೆಪ್ಪುಗಟ್ಟಿಸಬಾರದು.

ಹೆಸರುಗಳ ಗೊಂದಲ ಬೇಡ. ಬಯೋಟೆಕ್ನಾಲಜಿ ಜೀವಕೋಶ, ಕಿಣ್ವಗಳ ಕಡೆಯದು. ಲ್ಯಾಬ್ ಟೆಕ್ನಾಲಜಿ ಓದಿದವರು ರಕ್ತ, ಮೂತ್ರ ಪರೀಕ್ಷೆ ಮಾಡುತ್ತಾರೆ. ಮಚ್ಛೆಯ ಜ್ಞಾನ ಸಂಗಮದಲ್ಲಿ ಕೇಂದ್ರವಿರುವ ನಮ್ಮ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ವ್ಯಾಪ್ತಿಯಲ್ಲಿ ಬಯೋಮೆಡಿಕಲ್ ಎಂಬ ಬ್ರಾಂಚಿನಂತೆ ಮೆಡಿಕಲ್ ಎಲೆಕ್ಟ್ರಾನಿಕ್ಸ್ ಎಂಬುದೂ ಬೆಳೆದು ಬಂದಿದೆ. ಎರಡೂ ಹತ್ತಿರದ ನೆಂಟರೇ.

ಓದಿದ ಮೇಲೆ ಏನು? ನೆಹರು ನಗರದ ಕೆಎಲ್‌ಇ ಆಸ್ಪತ್ರೆ, ಬಿಮ್ಸ್‌ನಂಥ ದೊಡ್ಡ ಆಸ್ಪತ್ರೆಗಳು ಇರುವ ಊರಿನವರು ನಾವು. ಇಂಥ ಕಡೆ ವೆಂಟಿಲೇಟರ್, ಡಯಾಲಿಸಿಸ್ ಯಂತ್ರಗಳ ಕ್ಯಾಲಿಬ್ರೇಶನ್ (ಅಳತೆ ಸರಿಯಿದೆಯೇ ಎಂದು ನೋಡಿ ಸರಿಮಾಡುವುದು), ಎಎಮ್‌ಸಿ (ವರ್ಷದ ನಿರ್ವಹಣೆ ಒಪ್ಪಂದ), ರಿಪೇರಿ ನಿಲ್ಲದ ಕೆಲಸ. ಯಂತ್ರ ತಯಾರಿಸುವ ಕಂಪನಿಗಳಲ್ಲಿ ಡಿಸೈನ್, ಟೆಸ್ಟಿಂಗ್, ಸರ್ವಿಸ್ ಇದೆ. 2018ರ ಜನವರಿಯಿಂದ ಮೆಡಿಕಲ್ ಡಿವೈಸಸ್ ರೂಲ್ಸ್ ಜಾರಿಗೆ ಬಂದ ಮೇಲೆ ನಿಯಮದ ಕಾಗದಪತ್ರ ನೋಡುವವರೂ ಬೇಕಾಗಿದ್ದಾರೆ.

ಸೀಟು ಸಿಗುತ್ತದೆ ಅಂತ ಸುಮ್ನೆ ತಗೊಳ್ಳಬೇಡಿ. ಮ್ಯಾಥ್ಸ್ ಇಷ್ಟವಿಲ್ಲದ ಮಗುವಿಗೆ ಇದು ನಾಲ್ಕು ವರ್ಷದ ಶಿಕ್ಷೆ. ಇಷ್ಟವಿದ್ದರೆ ಕಾಲೇಜಿಗೆ ಹೋಗಿ ಎರಡು ಪ್ರಶ್ನೆ ಕೇಳಿ. ಮಕ್ಕಳನ್ನು ಯಾವ ಆಸ್ಪತ್ರೆಗೆ, ಯಾವ ಸೆಮಿಸ್ಟರಿನಿಂದ ಕಳಿಸುತ್ತೀರಿ? ಲ್ಯಾಬಿನಲ್ಲಿ ಇಸಿಜಿ ಸರ್ಕ್ಯೂಟನ್ನು ಮಕ್ಕಳೇ ಕಟ್ಟುತ್ತಾರೋ, ಕಟ್ಟಿಟ್ಟದ್ದನ್ನು ನೋಡಿ ರೆಕಾರ್ಡ್ ಬರೆಯುತ್ತಾರೋ? ಉತ್ತರ ಕೇಳಿದ ಮೇಲೆ ಆಪ್ಷನ್ ಹಾಕಿ.